ಎಲ್ಲಿಗೆ ಎಂದು ಕೇಳುವ ಕಾರು

ಮೊನ್ನೆ ಕೋಲಾರದ ಪೇಟೆಯಲ್ಲಿ ಎರಡು ಬನಿಯನ್ ಕೊಳ್ಳಲು ಹೋಗಿದ್ದೆ. ಅಳತೆ ಹೇಳಿದ್ದಾಯಿತು, ಬಿಳಿಯದೇ ಸಾಕು ಎಂದದ್ದಾಯಿತು, ದುಡ್ಡು ತೆಗೆದು ಗಾಜಿನ ಮೇಲಿಟ್ಟದ್ದೂ ಆಯಿತು. ಕೌಂಟರಿನ ಹುಡುಗಿ ದುಡ್ಡಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

"ಮೊಬೈಲ್ ನಂಬರ್ ಹೇಳಿ ಸಾರ್."

"ಯಾಕಮ್ಮ?"

"ಬಿಲ್ಲಿಗೆ ಸಾರ್."

"ಬನಿಯನ್ನಿಗೂ ನನ್ನ ಫೋನಿಗೂ ಏನಮ್ಮ ಸಂಬಂಧ?"

"ನಂಬರ್ ಹಾಕ್ದೆ ಸಿಸ್ಟಂ ಮುಂದಕ್ಕೆ ಹೋಗಲ್ಲ ಸಾರ್."

"ಹಾಗಾದರೆ ನಾನೇ ಮುಂದಕ್ಕೆ ಹೋಗ್ತೀನಿ" ಎಂದು ದುಡ್ಡು ಜೇಬಿಗೆ ಹಾಕಿಕೊಂಡು ಹೊರಬಿದ್ದೆ. ನನ್ನ ಹಿಂದೆ ಸಾಲಿನಲ್ಲಿ ನಿಂತಿದ್ದವರು ನಕ್ಕಿರಬೇಕು. ಮನೆಗೆ ಬಂದು ಈ ಪರಾಕ್ರಮವನ್ನು ಹೇಳಿದರೆ ನನ್ನ ಹೆಂಡತಿ ಪದ್ಮ, "ಹಂಗಾದ್ರೆ ಇನ್ನೂ ಆರು ತಿಂಗಳು ಆ ತೂತು ಬನಿಯನ್ನೇ ಹಾಕ್ಕೊಳ್ಳಿ. ಅದಕ್ಕೆ ಯಾರೂ ನಂಬರ್ ಕೇಳಲ್ಲ" ಎಂದಳು.

ನಾನು ಮೊದಲಿನಿಂದಲೂ ಹೀಗಿರಲಿಲ್ಲ. ನಂಬರ್ ಕೊಡುವುದರಲ್ಲಿ ನನ್ನಷ್ಟು ಧಾರಾಳಿ ಈ ಜಿಲ್ಲೆಯಲ್ಲಿ ಇನ್ನೊಬ್ಬ ಇರಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಕೊಟ್ಟಿದ್ದೇನೆ, ಪೆಟ್ರೋಲ್ ಬಂಕಿನಲ್ಲಿ ಕೊಟ್ಟಿದ್ದೇನೆ. ಮುಳಬಾಗಿಲಿನ ಒಂದು ಹೋಟೆಲಿನಲ್ಲಿ ದೋಸೆ ತಿಂದು ಕೈ ತೊಳೆಯುವ ಜಾಗದಲ್ಲಿ ಲಕ್ಕಿ ಡ್ರಾ ಪೆಟ್ಟಿಗೆ ಇಟ್ಟಿದ್ದರು. ಒದ್ದೆ ಕೈಯಲ್ಲೇ ಚೀಟಿ ತುಂಬಿ ಹಾಕಿದ್ದೆ: ಹೆಸರು, ವಯಸ್ಸು, ಹುಟ್ಟಿದ ದಿನ, ಮದುವೆಯಾದ ದಿನ, ವಾಹನದ ಸಂಖ್ಯೆ, ಸಕಲವನ್ನೂ. ಇದು ನನ್ನ ವೃತ್ತಿದೋಷ. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿ ಇಷ್ಟು ವರ್ಷ 'ಬಿಟ್ಟ ಸ್ಥಳ ತುಂಬಿರಿ' ಎಂದು ಬರೆಸಿ ಬರೆಸಿ, ಎಲ್ಲಿ ಖಾಲಿ ಗೆರೆ ಕಂಡರೂ ಕೈ ತಡೆಯುವುದಿಲ್ಲ. ತುಂಬದೆ ಬಿಟ್ಟರೆ ಯಾರೋ ಅಂಕ ಕಳೆಯುತ್ತಾರೆ ಎನ್ನುವ ಭಯ.

ಈಗ ಅದೆಲ್ಲ ತಿರುಗುಮುರುಗಾಗಿದೆ. ಕಾರಿನಲ್ಲಿ ಕೂತು ಮಾತಾಡುವಾಗ ದನಿ ತಗ್ಗಿಸುತ್ತೇನೆ. ರಾತ್ರಿ ಮಲಗುವ ಮುಂಚೆ ಫೋನನ್ನು ಬೋರಲು ಹಾಕುತ್ತೇನೆ. ಮನೆಯ ಮುಂದೆ ನಿಂತ ನಮ್ಮದೇ ಕಾರಿನ ಪಕ್ಕದಲ್ಲಿ ಹಾದು ಹೋಗುವಾಗ, ಅದರ ಎರಡು ದೀಪ ನನ್ನನ್ನೇ ನೋಡುತ್ತಿವೆ ಅನ್ನಿಸಿ ಮುಖ ತಿರುಗಿಸುತ್ತೇನೆ. ಐವತ್ತೈದು ದಾಟಿದವನು ತನ್ನ ಕಾರಿಗೆ ತಾನೇ ಹೆದರುವುದು ಮರ್ಯಾದೆಯ ವಿಷಯವಲ್ಲ, ಗೊತ್ತು. ಆದರೂ ನಡೆದದ್ದನ್ನು ಹೇಳುತ್ತೇನೆ, ಆಮೇಲೆ ಬೇಕಾದರೆ ನಗಿ.

ಅದಕ್ಕೆ ಮುಂಚೆ ನಮ್ಮ ಕಡೆಯ ಒಂದು ಪದ್ಧತಿ ನಿಮಗೆ ತಿಳಿದಿರಬೇಕು. ಹೊರಟು ನಿಂತವರನ್ನು "ಎಲ್ಲಿಗೆ?" ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಆಗುವುದಿಲ್ಲ. ನಮ್ಮೂರು ಯಲ್ದೂರಿನಲ್ಲಿ ಇದು ಕಾಯಿದೆಗಿಂತ ಗಟ್ಟಿ. ಅಪ್ಪ ಸೈಕಲ್ ಈಚೆ ತೆಗೆದರೆ ಎದುರುಮನೆಯವರು, "ಏನ್ ಯಜಮಾನ್ರೇ, ದೂರನಾ?" ಎನ್ನುವರು. ತೆಲುಗಿನವರಾದರೆ "ದೂರಮಾ?" ಎನ್ನುವರು. ಇಬ್ಬರಿಗೂ ಅಪ್ಪನ ಉತ್ತರ ಒಂದೇ: "ಇಲ್ಲೇ." ಮದ್ರಾಸಿಗೆ ಹೊರಟಿದ್ದರೂ "ಇಲ್ಲೇ." ಕೇಳಿದವರಿಗೆ ಕೇಳಿದ ಸಮಾಧಾನ, ಹೋಗುವವರಿಗೆ ಹೇಳದ ಸಮಾಧಾನ. ಅಪ್ಪಿತಪ್ಪಿ ಮಕ್ಕಳು "ಎಲ್ಲಿಗಪ್ಪಾ?" ಎಂದುಬಿಟ್ಟರೆ, ಅಪ್ಪ ಸೈಕಲ್ ಗೋಡೆಗೆ ಒರಗಿಸಿ, ಒಳಗೆ ಬಂದು ಕೂತು, ನೀರು ಕುಡಿದು, ಕೇಳಿದವರ ತಲೆಗೊಂದು ಮೊಟಕಿ, ಹೊಸದಾಗಿ ಹೊರಡುತ್ತಿದ್ದರು.

ನನ್ನ ಅಕ್ಕ ಸರೋಜ ಈ ಪದ್ಧತಿಯ ಉಪಯೋಗವನ್ನು ಚೆನ್ನಾಗಿ ಅರಿತಿದ್ದಳು. ಒಂದು ದಿನ ಬೆಳಿಗ್ಗೆ ನನ್ನನ್ನು ಹಿತ್ತಲಿಗೆ ಕರೆದು ಎರಡು ಬೆಲ್ಲದಚ್ಚು ಕೊಟ್ಟು, "ಲೇ, ಇವತ್ತು ಅಪ್ಪ ಹೊರಟಾಗೆಲ್ಲ ನೀನು ಎಲ್ಲಿಗೆ ಅಂತ ಕೇಳ್ಬೇಕು. ಮೂರು ಸಲ. ಮೊಟಕಿದ್ರೆ ತಡ್ಕೋ" ಎಂದಳು. ನಾನು ಬೆಲ್ಲಕ್ಕಾಗಿ ಪ್ರಾಣ ಕೊಡುತ್ತಿದ್ದ ವಯಸ್ಸು. ಮೂರು ಸಲ ಕೇಳಿದೆ, ಮೂರು ಸಲ ಮೊಟಕಿಸಿಕೊಂಡೆ, ಅಪ್ಪ ಮೂರು ಸಲ ನೀರು ಕುಡಿದರು. ಅಷ್ಟರಲ್ಲಿ ಬಸ್ಸು ಹೋಗಿತ್ತು. ಅಪ್ಪ ಹೊರಟಿದ್ದದ್ದು ಮಾಲೂರಿಗೆ, ಅಕ್ಕನಿಗೆ ಒಂದು ಗಂಡು ಗೊತ್ತುಮಾಡಲು. ಆ ದಿನ ತಪ್ಪಿದ ಸಂಬಂಧ ತಪ್ಪಿಯೇ ಹೋಯಿತು. ಮುಂದಿನ ವರ್ಷ ಅಕ್ಕ ತನ್ನ ಮನಸ್ಸಿನಲ್ಲಿದ್ದ ಗೌನಿಪಲ್ಲಿಯ ಮಾವಿನ ತೋಟದ ಮನೆಗೇ ಸೊಸೆಯಾಗಿ ಹೋದಳು. ಅವಳ ಸಂಸಾರದ ಬುನಾದಿಯಲ್ಲಿ ನನ್ನ ತಲೆಯ ಮೂರು ಬುಗುಟುಗಳಿವೆ.

ಅಪ್ಪನ ಕಡೆಗಾಲದಲ್ಲಿ ಕಾಯಿಲೆ ಜೋರಾದಾಗ, ಅಮ್ಮ ಮನೆಯಲ್ಲೇ ಇರಲಿ ಎಂದರು. ಅಕ್ಕ ಕೇಳಲಿಲ್ಲ. ತೋಟದ ಗಾಳಿಗೆ ಚೇತರಿಸಿಕೊಳ್ಳುತ್ತಾರೆ ಎಂದು ಹಟ ಮಾಡಿ ತನ್ನ ಮನೆಗೆ ಕರೆದುಕೊಂಡು ಹೋದಳು. ಮೂರನೆಯ ದಿನ ಅಪ್ಪ ಅಲ್ಲೇ ಹೋಗಿಬಿಟ್ಟರು. ಅಮ್ಮ ತಲುಪುವ ಹೊತ್ತಿಗೆ ಮುಖಕ್ಕೆ ಅರಿಸಿನ ಹಚ್ಚಿ ಕೂರಿಸಿಯಾಗಿತ್ತು. ಅಮ್ಮ ಅಳಲಿಲ್ಲ. ಅಕ್ಕನ ಮುಂದೆ ನಿಂತು, "ನನ್ ಮನೆಯಿಂದ ಎತ್ಕೊಂಡ್ ಬಂದೆಯಲ್ಲ, ಒಂದು ಮಾತು ಆಡೋಕ್ಕೂ ಬಿಡ್ಲಿಲ್ವಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿ ಎಲ್ಲರ ಎದುರಿಗೆ ಹೇಳಿದರು: "ಇವತ್ತಿಂದ ಈ ಮನೆ ನೀರು ಕುಡಿದೋರಿಗೆ ನಾನು ಅನ್ನ ಬಡಿಸಲ್ಲ."

ಅಮ್ಮ ನನ್ನ ಜೊತೆ ಕೋಲಾರದಲ್ಲೇ ಇದ್ದಾರೆ. ಅವರ ಕೈಯ ಅನ್ನ ತಿಂದು ಬೆಳೆದವನಿಗೆ ಅದನ್ನು ಬಿಡುವುದು ಹೇಗೆ? ಅಕ್ಕನನ್ನು ಬಿಡುವುದು ಹೇಗೆ? ಎರಡೂ ನನ್ನ ಕೈಲಾಗಲಿಲ್ಲ. ಹಾಗಾಗಿ ಒಂದು ಸುಳ್ಳು ಕಟ್ಟಿದೆ. ಹುತ್ತೂರಿನಲ್ಲಿ ನಾರಾಯಣಪ್ಪ ಎಂಬ ಸ್ನೇಹಿತನಿರುವುದು ನಿಜವೇ, ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುತ್ತಾನೆ. ಎರಡು ವಾರಕ್ಕೊಂದು ಭಾನುವಾರ "ನಾರಾಯಣಪ್ಪನನ್ನು ನೋಡಿಕೊಂಡು ಬರ್ತೀನಿ" ಎಂದು ಹೊರಟು, ಶ್ರೀನಿವಾಸಪುರದ ಮೇಲೆ ಗೌನಿಪಲ್ಲಿಗೆ ಹೋಗಿ ಬರುತ್ತಿದ್ದೆ. ನಾಲ್ಕು ವರ್ಷ ಹೀಗೇ ನಡೆಯಿತು. ಪದ್ಮಳಿಗೆ ಗೊತ್ತಿತ್ತು. ಅಮ್ಮನಿಗೆ ಗೊತ್ತಿಲ್ಲ ಎಂದೇ ನಾನು ನಂಬಿದ್ದೆ, ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ.

ಹೊರಡುವ ಭಾನುವಾರ ಅಮ್ಮ ಒಂದು ಸ್ಟೀಲ್ ಡಬ್ಬಿ ತಂದು ಕಾರಿನ ಹಿಂದಿನ ಸೀಟಿನಲ್ಲಿಡುತ್ತಿದ್ದರು. "ಹುತ್ತೂರಿನೋರಿಗೆ ಹುಣಿಸೇಹಣ್ಣಿನ ತೊಕ್ಕು ಕಣೋ. ಬೆಳ್ಳುಳ್ಳಿ ಹಾಕಿಲ್ಲ." ಪ್ರತಿ ಸಲವೂ ಅದೇ ಮಾತು. ನಾರಾಯಣಪ್ಪನ ಮನೆಯಲ್ಲಿ ಬೆಳ್ಳುಳ್ಳಿ ಇಲ್ಲದೆ ಒಗ್ಗರಣೆಯೇ ಆಗುವುದಿಲ್ಲ. ನಾನು ಇದನ್ನು ಯೋಚಿಸಲೇ ಇಲ್ಲ. ಡಬ್ಬಿ ಅಕ್ಕನ ಮನೆಗೆ ಹೋಗುತ್ತಿತ್ತು. ಬೆಳ್ಳುಳ್ಳಿಯ ವಾಸನೆ ಬಂದರೆ ತಟ್ಟೆ ಬಿಟ್ಟು ಏಳುವ ಅಕ್ಕ, ಬೆರಳಲ್ಲಿ ತೆಗೆದು ನೆಕ್ಕಿ, "ಪದ್ಮ ಚೆನ್ನಾಗಿ ಮಾಡ್ತಾಳೆ" ಎಂದು ಗೋಡೆ ಕಡೆ ನೋಡುತ್ತಿದ್ದಳು. ತಂದ ಪಾತ್ರೆಯನ್ನು ಬರಿದಾಗಿ ಕಳಿಸಬಾರದಲ್ಲ, ತೊಳೆದು ಒರೆಸಿ ಅದರಲ್ಲಿ ಏನಾದರೂ ಹಾಕಿ ಕೊಡುತ್ತಿದ್ದಳು. ಕಾಲಕ್ಕೆ ತಕ್ಕಂತೆ ಮಾವಿನ ಮಿಡಿ, ಮಾವಿನಕಾಯಿ, ಮಾವಿನಹಣ್ಣಿನ ಹೋಳು. ಒಂದೇ ಒಂದು ಮಾವಿನ ಗಿಡವಿಲ್ಲದ ರೇಷ್ಮೆಯವರ ಮನೆಯಿಂದ ವರ್ಷ ವರ್ಷ ಮಾವು ಬರುತ್ತಿತ್ತು. ಅಮ್ಮ ಡಬ್ಬಿ ತೆಗೆದುಕೊಂಡು ಒಳಗೆ ಹೋಗುವರು, ಕೈಕಾಲು ತೊಳೆದು ಬಂದ ನನಗೆ ಬಿಸಿ ಅನ್ನ ಬಡಿಸುವರು. ಎಲ್ಲಿಗೆ ಹೋಗಿದ್ದೆ ಎಂದು ಒಮ್ಮೆಯೂ ಕೇಳಲಿಲ್ಲ.

ಇಷ್ಟರಲ್ಲಿ ನಮ್ಮ ಹಳೆಯ ಕಾರು ಕೈಕೊಟ್ಟಿತು. ಹೋದ ಬೇಸಿಗೆಯಲ್ಲಿ ಹೊಸದು ಕೊಂಡೆವು. ನಿಂಬೆಹಣ್ಣು ಚಕ್ರದ ಕೆಳಗಿಡಲು ಅಮ್ಮನೂ ಶೋರೂಮಿಗೆ ಬಂದಿದ್ದರು. ಅಲ್ಲಿ ಅರ್ಜಿ ತುಂಬಿಸಿಕೊಂಡವನು ಮುರಳಿ, ಮುಳಬಾಗಿಲು ಕಡೆಯವನು, ನನ್ನ ಹಳೆಯ ವಿದ್ಯಾರ್ಥಿ. ಯಾವ ಭಾಷೆಯಲ್ಲಿ ಮೆಸೇಜು ಬರಬೇಕು ಎಂದ. "ಕನ್ನಡ! ಅದೇನು ಕೇಳ್ತೀಯ?" ಎಂದು ಎದೆಯುಬ್ಬಿಸಿ ಹೇಳಿದೆ. ಮನೆಯವರ ಇನ್ನೊಂದು ನಂಬರ್ ಬೇಕು ಎಂದ. ಖಾಲಿ ಗೆರೆಯಲ್ಲವೇ, ಪಕ್ಕದಲ್ಲೇ ಕೂತಿದ್ದ ಅಮ್ಮನ ನಂಬರ್ ಬರೆದೆ. ಅವರ ಹುಟ್ಟಿದ ದಿನವೂ ಬೇಕು ಎಂದ.

"ಮಾವಿನ ಸುಗ್ಗಿ ಕಣಪ್ಪ. ಮಳೆ ಬಂದಿತ್ತಂತೆ" ಎಂದರು ಅಮ್ಮ.

"ಡೇಟು ಬೇಕಲ್ಲ ಅಜ್ಜಿ. ಜನವರಿ ಒಂದು ಹಾಕ್ಲಾ?"

"ನಿಂಗೆ ಯಾವುದು ಅನುಕೂಲವೋ ಹಾಕ್ಕೋ."

ಜನವರಿ ಒಂದಕ್ಕೆ ಸರಿಯಾಗಿ ಅಮ್ಮನಿಗೆ ಫೋನು ಬಂತು. ಯಾವುದೋ ಹುಡುಗಿ ಸಕ್ಕರೆಯಂಥ ದನಿಯಲ್ಲಿ ಹುಟ್ಟುಹಬ್ಬದ ಶುಭಾಶಯ ಹೇಳಿದಳು. ಎಪ್ಪತ್ತೆಂಟು ವರ್ಷದಲ್ಲಿ ಅಮ್ಮನಿಗೆ ಯಾರೂ ಅಂಥ ಮಾತು ಹೇಳಿರಲಿಲ್ಲ, ನಾನೂ ಸೇರಿ. ಅವರು ಆ ದಿನವಿಡೀ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಓಡಾಡಿದರು. ಅಂದಿನಿಂದ ಕಾರಿನವರ ಮೆಸೇಜು ಬಂದರೆ ಸಾಕು, ಕನ್ನಡಕ ಹಾಕಿಕೊಂಡು ಒಂದಕ್ಷರ ಬಿಡದೆ ಗಟ್ಟಿಯಾಗಿ ಓದುವರು.

ಸಂಕ್ರಾಂತಿ ಕಳೆದ ಮೇಲೆ ಕಾರನ್ನು ಸರ್ವೀಸಿಗೆ ಬಿಟ್ಟೆ. ಮುರಳಿ ನನ್ನ ಫೋನು ಈಸಿಕೊಂಡು ಅದರಲ್ಲೇನೋ ಇಳಿಸಿದ. "ಗಾಡಿ ಎಲ್ಲಿದೆ, ಟೈರಲ್ಲಿ ಗಾಳಿ ಎಷ್ಟಿದೆ ಎಲ್ಲಾ ಬರುತ್ತೆ ಸಾರ್. ಒಪ್ಪಿಗೆ ಅಂತ ಒತ್ತಿ. ಇಲ್ಲೂ ಒತ್ತಿ. ಇಲ್ಲೊಂದ್ಸಲ." ಏನನ್ನು ಒಪ್ಪುತ್ತಿದ್ದೇನೆ ಎಂದು ಓದಲು ಹೋದೆ, ಅಕ್ಷರ ಸಾಸಿವೆಗಿಂತ ಸಣ್ಣದಿತ್ತು. ಮಕ್ಕಳಿಗೆ ಪ್ರಶ್ನೆಪತ್ರಿಕೆ ಪೂರ್ತಿ ಓದಿ ಬರೆಯಿರಿ ಎಂದು ಬೋಧಿಸುವ ನಾನು ಐದು ಕಡೆ ಒತ್ತಿ ಟೀ ಕುಡಿದು ಬಂದೆ.

ಫೆಬ್ರವರಿ ಮೊದಲನೆಯ ತಾರೀಖು ಭಾನುವಾರ ಬೆಳಿಗ್ಗೆ ನಾನು ಪೇಪರ್ ಓದುತ್ತಿದ್ದೆ. ಅಮ್ಮ ಪಡಸಾಲೆಯಲ್ಲಿ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದರು. ಅವರ ಫೋನು ಟಿಂಗ್ ಎಂದಿತು. ಸೆರಗಿಗೆ ಕೈ ಒರೆಸಿ ಕನ್ನಡಕ ಹಾಕಿಕೊಂಡರು.

"ಕಾರಿನೋರು ಕಣೋ. ಪ್ರಿಯ ಗ್ರಾಹಕರೇ... ಕಳೆದ ತಿಂಗಳು ನಿಮ್ಮ ಕುಟುಂಬದ ಕಾರು... ಮನೆ ಬಿಟ್ಟರೆ ಅತಿ ಹೆಚ್ಚು ಹೊತ್ತು ಕಳೆದ ನೆಚ್ಚಿನ ಊರು..."

ಅಲ್ಲಿಗೆ ನಿಲ್ಲಿಸಿದರು. ನಾನು ಪೇಪರನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದೆ. ಅಮ್ಮ ಫೋನನ್ನು ಕೆಳಗಿಟ್ಟು ಅವರೆಕಾಳಿನ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡರು. ನಾಲ್ಕು ಕಾಳು ಹಿತುಕಿದರು. ಆಮೇಲೆ ತಲೆಯೆತ್ತದೆಯೇ ಹೇಳಿದರು:

"ನಾನು ಕೇಳಿರ್ಲಿಲ್ಲ ಕಣೋ. ಅದೇ ಹೇಳ್ತು."

ನಾನು "ಅಮ್ಮಾ" ಎಂದೆ. ಪೇಪರ್ ಮಡಿಸಿ ಕೆಳಗಿಟ್ಟೆ.

"ಇಷ್ಟು ದಿನ ಗೊತ್ತಿಲ್ದಂಗೆ ಇದ್ದೆ. ಈಗ ಹೆಂಗಿರ್ಲಿ? ಎಲ್ಲರ ಮುಂದೆ ಆಡಿದ ಮಾತು ಅದು."

ಆ ಮಧ್ಯಾಹ್ನ ಹಿತಕಿದ ಬೇಳೆಯ ಸಾರಿನ ಘಮ ಮನೆ ತುಂಬಿತ್ತು. ನಾನು ಕೂತೆ. ಅಮ್ಮ ಸೌಟನ್ನು ಪದ್ಮಳ ಕೈಗೆ ಕೊಟ್ಟು ಎದ್ದು ಹೋದರು. ಅವರು ಸಿಟ್ಟಾಗಿದ್ದರೆ ಎದುರಾಡಬಹುದಿತ್ತು, ಕಾಲು ಹಿಡಿಯಬಹುದಿತ್ತು. ಅವರು ಸಿಟ್ಟಾಗಿರಲಿಲ್ಲ, ಸಿಕ್ಕಿಹಾಕಿಕೊಂಡಿದ್ದರು. ಬೆಳ್ಳುಳ್ಳಿ ಇಲ್ಲದ ತೊಕ್ಕು ಯಾರಿಗೆಂದು ನನಗೆ ಹೊಳೆದದ್ದು ಆಗ, ತಟ್ಟೆಯ ಮುಂದೆ.

ಮುಂದಿನ ಭಾನುವಾರ ಹೊರಡುವ ಸರದಿ. ಹಿಂದಿನ ಸೀಟಿನಲ್ಲಿ ಡಬ್ಬಿ ಇರಲಿಲ್ಲ. ಕಾರಿನ ಬಾಗಿಲು ತೆಗೆದು, ಹಾಕಿ, ಮತ್ತೆ ತೆಗೆದು, ಒಳಗೆ ಬಂದು ಕೂತೆ. ಅದರ ಮುಂದಿನ ಸರದಿಯೂ ಹಾಗೇ ಕಳೆಯಿತು. ಅಕ್ಕ ಫೋನು ಮಾಡಿ, "ಏನ್ಲಾ, ಹುಷಾರಿಲ್ವಾ? ನಿಮ್ಮ ಭಾವ ರಸ್ತೆ ನೋಡ್ತಾ ಕೂತಿದ್ದರು" ಎಂದಳು. ರಸ್ತೆ ನೋಡುತ್ತಿದ್ದವರು ಯಾರೆಂದು ನನಗೆ ಗೊತ್ತಿತ್ತು. ಪರೀಕ್ಷೆ ಕೆಲಸ ಎಂದು ಅವಳಿಗೂ ಒಂದು ಸುಳ್ಳು ಹೇಳಿದೆ. ಮನೆಯಲ್ಲಿ ಕೂತರೆ ಕೂರಲಾರೆ, ನಿಂತರೆ ನಿಲ್ಲಲಾರೆ. ತರಗತಿಯಲ್ಲಿ ಒಂದೇ ಪಾಠವನ್ನು ಎರಡು ಸಲ ಮಾಡಿದೆನಂತೆ, ಮಕ್ಕಳು ಪುಣ್ಯಕ್ಕೆ ಹೇಳಲಿಲ್ಲ.

ಕೊನೆಗೆ ಶೋರೂಮಿಗೆ ಹೋಗಿ ಮುರಳಿಯ ಮೇಲೆ ಹಾರಿಬಿದ್ದೆ.

"ನಾನು ಎಲ್ಲಿಗೆ ಹೋಗ್ತೀನಿ ಅಂತ ನಮ್ಮಮ್ಮನಿಗೆ ಹೇಳೋಕೆ ನೀವ್ಯಾರಯ್ಯ?"

"ಅಯ್ಯೋ ಸಾರ್, ಒಳ್ಳೇದಕ್ಕೇ ಸಾರ್. ಕಸ್ಟಮರ್ಸ್ ಇಷ್ಟಪಡ್ತಾರೆ. ನೀವೇ ಅಲ್ವಾ ಕನ್ನಡದಲ್ಲೇ ಬೇಕು ಅಂದಿದ್ದು?"

ಆ ಮಾತು ಚುಚ್ಚಿತು. ಇಂಗ್ಲಿಷಿನಲ್ಲಿ ಬಂದಿದ್ದರೆ ಅಮ್ಮ ಬೇಡದ ಮೆಸೇಜುಗಳ ಜೊತೆ ಅಳಿಸಿಬಿಡುತ್ತಿದ್ದರು. ನನ್ನ ಕನ್ನಡಾಭಿಮಾನವೇ ನನ್ನ ಮನೆಗೆ ಕನ್ನ ಕೊರೆದಿತ್ತು.

"ನನ್ನ ಓಡಾಟವನ್ನೆಲ್ಲ ಅಳಿಸು" ಎಂದೆ. ಅವನು ಕಂಪ್ಯೂಟರಿನ ಮುಂದೆ ಕೂತ. ಅಳಿಸಬೇಕಾದರೆ ಕಾರಣ ಕೊಡಬೇಕಂತೆ. ಸ್ವಂತ ಕಾರಣ ಎಂದು ಬರಿ ಎಂದೆ. ಬರೆಯಲು ಜಾಗವಿಲ್ಲ, ಇರುವ ಮೂರರಲ್ಲಿ ಒಂದನ್ನು ಆರಿಸಬೇಕು: ಕಾರು ಮಾರಿದ್ದೇನೆ, ನಂಬರ್ ಬದಲಾಗಿದೆ, ಮಾಲೀಕರು ತೀರಿಕೊಂಡಿದ್ದಾರೆ.

ಮುರಳಿ ದನಿ ತಗ್ಗಿಸಿ, "ತಪ್ಪು ತಿಳ್ಕೋಬೇಡಿ ಸಾರ್. ಮೂರನೇದು ಹಾಕಿದ್ರೆ ಬೇಗ ಆಗುತ್ತೆ" ಎಂದ.

"ನಾನಿನ್ನೂ ಇದ್ದೀನಿ ಕಣಯ್ಯ!"

"ಏಮಿ ಚೇಸೇದಿ ಸಾರ್, ಏನ್ ಮಾಡೋದು, ನಮ್ಮ ಕೈಲಿಲ್ಲ. ಗಾಡಿ ಓಡಿದ್ದೆಲ್ಲ ಮೇಲಿನೋರಿಗೆ ಹೋಗ್ತಾನೇ ಇರುತ್ತೆ. ಬೇಕಾದ್ರೆ ಅಜ್ಜಿ ನಂಬರ್ ಒಂದು ತೆಗೆದುಹಾಕ್ತೀನಿ. ಅವರ ಫೋನಿಗೆ ಓಟಿಪಿ ಹೋಗುತ್ತೆ, ಕೇಳಿ ಹೇಳಿ."

ಅಮ್ಮನಿಗೆ ಫೋನು ಮಾಡಿದೆ. ಬಂದಿರುವ ಆರು ಅಂಕಿ ಓದಿ ಎಂದೆ. ಅವರು ಒಂದೊಂದಾಗಿ ಓದಿದರು. ಆಮೇಲೆ ಕೇಳಿದರು:

"ಇದು ಯಾಕೋ?"

"ಇನ್ನು ಮೇಲೆ ಕಾರಿನವರು ನಿಮಗೆ ಏನೂ ಹೇಳಲ್ಲಮ್ಮ."

"ಹಂಗಾದ್ರೆ ಜನವರಿಗೆ ಆ ಹುಡುಗಿ ಫೋನ್ ಮಾಡಲ್ವಾ?"

"ಮಾಡಲ್ಲಮ್ಮ."

"ಹೋಗ್ಲಿ ಬಿಡು. ಆದ್ರೆ ಕಾರಿಗೆ ಗೊತ್ತಾಗ್ತಾನೇ ಇರುತ್ತಾ?"

"ಅದಕ್ಕೆ ಗೊತ್ತಾಗ್ತಾನೇ ಇರುತ್ತೆ."

"ಹೂಂ" ಎಂದು ಫೋನು ಇಟ್ಟರು.

ಮಾರನೆಯ ಭಾನುವಾರ ಬೆಳಿಗ್ಗೆ ನಾನು ಸುಮ್ಮನೆ ಪಡಸಾಲೆಯಿಂದ ಅಂಗಳಕ್ಕೆ, ಅಂಗಳದಿಂದ ಪಡಸಾಲೆಗೆ ಓಡಾಡಿಕೊಂಡಿದ್ದೆ. ಅಮ್ಮ ಅಡುಗೆಮನೆಯಿಂದಲೇ ಕೇಳಿದರು, ಹಾಲು ಬಂತಾ ಎಂದು ಕೇಳುವ ದನಿಯಲ್ಲಿ:

"ಹುತ್ತೂರಿಗೆ ಬಸ್ಸು ಈಗ್ಲೂ ಇದ್ಯೇನೋ?"

ನಾನು ನಿಂತಲ್ಲೇ ನಿಂತೆ. "ಇದೆಯಮ್ಮ."

"ಹಂಗಾದ್ರೆ ಅದರಲ್ಲೇ ಹೋಗ್ಬಾ. ನಾರಾಯಣಪ್ಪನ್ನ ನೋಡಿ ಎಷ್ಟು ದಿನ ಆಯ್ತು." ಹೊರಗೆ ಬಂದು ಡಬ್ಬಿಯನ್ನು ನನ್ನ ಕೈಯಲ್ಲಿಟ್ಟರು. ಕೆಳಗೆ ಇನ್ನೂ ಬಿಸಿಯಿತ್ತು. "ಬೆಳ್ಳುಳ್ಳಿ ಹಾಕಿಲ್ಲ. ಆ ಫೋನು ಇಲ್ಲೇ ಇಡು."

ಗೇಟು ದಾಟುವಾಗ ಎದುರುಮನೆಯವರು ಹೂವು ಕೀಳುತ್ತಿದ್ದರು. "ಏನ್ ಮೇಷ್ಟ್ರೇ, ಕಾರು ಬಿಟ್ಟು ನಡ್ಕೊಂಡು? ದೂರನಾ?" ಎಂದರು. "ಇಲ್ಲೇ" ಎಂದೆ. ಅಪ್ಪನ ದನಿಯೇ ಬಂದಂತಾಯಿತು.

ಶ್ರೀನಿವಾಸಪುರದ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಅಷ್ಟಾದರೂ ಎರಡು ಸಲ ಹಿಂದಿರುಗಿ ನೋಡಿದೆ, ಯಾರು ಬರೆದುಕೊಳ್ಳುತ್ತಿದ್ದಾರೋ ಎಂದು. ಯಾರೂ ಇರಲಿಲ್ಲ. ಒಬ್ಬ ಹೆಂಗಸು ಕೋಳಿಮರಿಗಳ ಬುಟ್ಟಿಯನ್ನು ಕಾಲ ಸಂದಿಯಲ್ಲಿಟ್ಟುಕೊಂಡು ತೂಕಡಿಸುತ್ತಿದ್ದಳು. ಗೌನಿಪಲ್ಲಿಯಲ್ಲಿ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಡಬ್ಬಿ ತೆಗೆದು ನೋಡಿದಳು, ಬೆರಳು ಹಾಕಲಿಲ್ಲ. ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಬಸ್ಸು ಹಿಡಿದು ಮನೆ ಸೇರುವ ಹೊತ್ತಿಗೆ ಊಟದ ಹೊತ್ತು ಮೀರಿತ್ತು. ಅಮ್ಮ ಕಾದಿದ್ದರು. "ನಿನ್ ಫೋನು ಟಿಂಗ್ ಟಿಂಗ್ ಅಂತಿತ್ತು. ನಾನು ಓದೋಕ್ಕೆ ಹೋಗ್ಲಿಲ್ಲ" ಎಂದರು. ನಾನು ನೋಡಿದೆ. ಕಾರಿನವರದೇ: ನಿಮ್ಮ ಕಾರು ಬಹಳ ದಿನದಿಂದ ಹೊರಗೆ ಹೊರಟಿಲ್ಲ, ಎಲ್ಲ ಕ್ಷೇಮವೇ? ಈಗಲೂ ಆಗಾಗ ಕೇಳುತ್ತಲೇ ಇರುತ್ತದೆ. ನಾನು ಉತ್ತರ ಕೊಡುವುದಿಲ್ಲ, ನೋಡಿದ ಕೂಡಲೇ ಫೋನನ್ನು ಬೋರಲು ಹಾಕುತ್ತೇನೆ. ಬನಿಯನ್ ಅಂಗಡಿಯ ಆ ಹುಡುಗಿಯ ಮೇಲೆ ರೇಗಿದ್ದು ಅದಕ್ಕೇ, ಪಾಪ.

ಅಮ್ಮ ತಟ್ಟೆ ಹಾಕಿದರು. ಪದ್ಮ ಸೌಟಿಗೆ ಕೈಹಾಕಿದಳು, ಅಮ್ಮ ಬಿಡಲಿಲ್ಲ. ತಾವೇ ಅನ್ನ ಬಡಿಸಿ, ಸಾರು ಹಾಕಿ, ತುಪ್ಪ ಬಿಟ್ಟರು. ಆಮೇಲೆ ಪಕ್ಕದಲ್ಲಿ ಕೂತು ಡಬ್ಬಿಯ ಮುಚ್ಚಳ ತೆಗೆದರು. ತುಂಬ ಮಾವಿನ ಮಿಡಿ, ತೊಟ್ಟಿನ ಹಾಲು ಇನ್ನೂ ಆರಿರಲಿಲ್ಲ. ಒಂದನ್ನು ಎತ್ತಿ ಮೂಸಿ, ಅಂಗೈಯಲ್ಲಿ ಹೊರಳಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡರು.

"ಹುತ್ತೂರಲ್ಲಿ ಈ ಸಲ ಮಾವು ಚೆನ್ನಾಗಿ ಕಚ್ಚಿದೆ ಅನ್ನು" ಎಂದರು.

"ಹೂಂ ಅಮ್ಮ" ಎಂದೆ. "ಗೊಂಚಲು ಗೊಂಚಲು."